ಗಿಡಕ್ಕೂ ನಮಗೂ ಇರುವ ಒಡಂಬಡಿಕೆ: ಕಥೆಯ ಬಿದಿರು ಮತ್ತು ನಂಜನಗೂಡಿನ ರಸಬಾಳೆ



ನಮ್ಮ ಈ ಪತ್ರಿಕೆಯಲ್ಲಿ ಗೊಬ್ಬರದ ಪ್ರಮಾಣ, ಔಷಧಿ ಸಿಂಪಡಣೆಯ ಕಾಲ, ಕಾಫಿ ಮತ್ತು ಅಡಿಕೆಯ ಧಾರಣೆ ಇವುಗಳ ಹೊರತು ಕಥೆ ಕಾದಂಬರಿಗಳ ಪ್ರಸ್ತಾಪ ಬರುವುದು ಅಪರೂಪ. ತೋಟದ ಕೆಲಸದ ನಡುವೆ ಅದಕ್ಕೆ ಪುರುಸೊತ್ತೂ ಕಡಿಮೆ. ಆದರೆ ಈ ಸಲ ಒಂದು ಕಾದಂಬರಿಯಿಂದಲೇ ಲೇಖನವನ್ನು ಆರಂಭಿಸುತ್ತಿದ್ದೇವೆ. ಅದರ ಮುಖ್ಯ ಪಾತ್ರ ಒಂದು ಬಿದಿರು ಮೆಳೆ. ಅದನ್ನು ಓದುತ್ತಾ ಹೋದಂತೆ ನಮ್ಮ ಕಣ್ಣ ಮುಂದೆ ಬಂದು ನಿಂತದ್ದು ಕಪಿಲಾ ನದಿಯ ದಂಡೆಯ ಬಾಳೆ ತೋಟಗಳು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಕಾದಂಬರಿಯ ಹೆಸರು ‘ಸೆಮಿಯೋಸಿಸ್’. ಬರೆದವರು ಸ್ಯೂ ಬರ್ಕ್ ಎಂಬ ಅಮೆರಿಕದ ಲೇಖಕಿ. ಪ್ರಕಟವಾದದ್ದು 2018ರಲ್ಲಿ. ಭೂಮಿಯ ಜಗಳಗಳಿಂದ ಬೇಸತ್ತ ಕೆಲವು ಜನ ಬಹುದೂರದ ಒಂದು ಗ್ರಹಕ್ಕೆ ಹೋಗಿ ಬೇಸಾಯ ಮಾಡಿಕೊಂಡು ನೆಮ್ಮದಿಯಿಂದ ಬದುಕಬೇಕೆಂದು ಹೊರಡುತ್ತಾರೆ. ಅಲ್ಲಿ ಇಳಿದ ಮೇಲೆ ಒಂದು ಬಗೆಯ ಬಳ್ಳಿಯ ಹಣ್ಣು ಅವರಿಗೆ ಆಹಾರವಾಗುತ್ತದೆ. ಆದರೆ ಕೆಲವು ದಿನಗಳಲ್ಲಿ ಅದೇ ಜಾತಿಯ ಇನ್ನೊಂದು ಬಳ್ಳಿಯ ಹಣ್ಣನ್ನು ತಿಂದವರು ಸಾಯುತ್ತಾರೆ. ಗುಂಪಿನ ಸಸ್ಯಶಾಸ್ತ್ರಜ್ಞ ಕೂತು ಯೋಚಿಸಿದಾಗ ಸಂಗತಿ ಹೊರಬೀಳುತ್ತದೆ. ಆ ಎರಡು ಬಳ್ಳಿಗಳಿಗೆ ಹಿಂದಿನಿಂದ ಬಂದ ವೈರ. ಒಂದು ಬಳ್ಳಿ ಹಣ್ಣು ಕೊಟ್ಟು ಈ ಜನರನ್ನು ತನ್ನ ಕಡೆಗೆ ಎಳೆದುಕೊಂಡಿದೆ, ಇನ್ನೊಂದು ಅವರನ್ನು ಶತ್ರುವಿನ ಆಳುಗಳೆಂದು ಎಣಿಸಿ ವಿಷವಿಕ್ಕಿದೆ.

ಮುಂದಿನ ತಲೆಮಾರಿನವರು ಅಲ್ಲೊಂದು ಬುದ್ಧಿಯುಳ್ಳ ಬಿದಿರನ್ನು ಕಾಣುತ್ತಾರೆ. ಬಿದಿರಿಗೆ ನೀರು ಗೊಬ್ಬರ ಬೇಕು, ಬಣ್ಣ ವಾಸನೆಗಳಿಂದ ಹೇಳುವ ಮಾತನ್ನು ಕೇಳುವವರು ಬೇಕು. ಜನಕ್ಕೆ ಹಣ್ಣು ಬೇಕು, ಕಾವಲು ಬೇಕು. ಹೀಗೆ ಅವರಿಬ್ಬರ ನಡುವೆ ಒಂದು ಒಡಂಬಡಿಕೆ ಬೆಳೆಯುತ್ತದೆ. ಆದರೆ ಬಿದಿರು ತನ್ನ ಹಣ್ಣಿನಲ್ಲಿ ಏನೇನು ಬೆರೆಸಿ ಕೊಡುತ್ತಿದೆ, ಯಾರು ಯಾರನ್ನು ಸಾಕುತ್ತಿದ್ದಾರೆ ಎಂಬ ಅನುಮಾನ ಕೊನೆಯವರೆಗೂ ಓದುಗನನ್ನು ಬಿಡುವುದಿಲ್ಲ.

ಇಂಥ ಕಲ್ಪನೆ ಹೊಸತೇನೂ ಅಲ್ಲ. ಇಂಗ್ಲೆಂಡಿನ ಓಲಾಫ್ ಸ್ಟೇಪಲ್ಡನ್ 1937ರಷ್ಟು ಹಿಂದೆಯೇ ‘ಸ್ಟಾರ್ ಮೇಕರ್’ ಎಂಬ ಪುಸ್ತಕದಲ್ಲಿ ಅರ್ಧ ಗಿಡ, ಅರ್ಧ ಪ್ರಾಣಿಯಾದ ಜೀವಿಗಳನ್ನು ಕಲ್ಪಿಸಿದ್ದ. ನಮ್ಮಲ್ಲಿ ವೈಜ್ಞಾನಿಕ ಕಥೆಗಳ ಹಾದಿ ಹಾಕಿಕೊಟ್ಟ ಹಿರಿಯರಲ್ಲಿ ರಾಜಶೇಖರ ಭೂಸನೂರಮಠರು ಒಬ್ಬರು. ಸ್ವತಃ ಕಾಫಿ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ‘ಕರ್ವಾಲೊ’ ಬರೆದು, ಮಲೆನಾಡಿನ ಕಾಡು ತೋಟಗಳಲ್ಲೇ ಎಂಥ ವಿಸ್ಮಯ ಅಡಗಿದೆ ಎಂದು ತೋರಿಸಿದರು. ವಿಸ್ಮಯ ಹುಡುಕಲು ಬೇರೆ ಗ್ರಹಕ್ಕೆ ಹೋಗಬೇಕಾಗಿಲ್ಲ ಎಂಬುದೇ ನಮ್ಮ ಈ ಲೇಖನದ ಅಭಿಪ್ರಾಯ.

ಹಸಿರು ಮನುಷ್ಯನ ಲೆಕ್ಕ

ಕೆಲವು ಕಥೆಗಳಲ್ಲಿ ಮನುಷ್ಯನ ಚರ್ಮಕ್ಕೇ ಪತ್ರಹರಿತ್ತನ್ನು ಸೇರಿಸಿ, ಬಿಸಿಲಿನಲ್ಲಿ ನಿಂತರೆ ಹೊಟ್ಟೆ ತುಂಬುವಂತೆ ಮಾಡುತ್ತಾರೆ. ಇದು ಸಾಧ್ಯವೇ ಎಂದು ಒಂದು ಲೆಕ್ಕ ಹಾಕಿ ನೋಡೋಣ.

ನಮ್ಮ ಮೈಸೂರು ಸೀಮೆಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನವೊಂದಕ್ಕೆ ಬೀಳುವ ಬಿಸಿಲಿನ ಶಕ್ತಿ ಸರಾಸರಿ 5 ಯೂನಿಟ್ ವಿದ್ಯುತ್ತಿಗೆ ಸಮ. ಆಹಾರದ ಲೆಕ್ಕದಲ್ಲಿ ಅದು ಸುಮಾರು 4,300 ಕ್ಯಾಲೊರಿ. ಮನುಷ್ಯನ ಇಡೀ ಚರ್ಮದ ವಿಸ್ತೀರ್ಣ ಎರಡು ಚದರ ಮೀಟರಿಗಿಂತ ಕಡಿಮೆ, ಅದರಲ್ಲಿ ಒಮ್ಮೆಗೆ ಬಿಸಿಲು ಬೀಳುವುದು ಅರ್ಧಕ್ಕೆ. ಸಾಮಾನ್ಯ ಬೆಳೆಗಳು ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ಮಾತ್ರ ಹಿಡಿದಿಡಬಲ್ಲವು. ಹಾಗಾದರೆ ನಮ್ಮ ಹಸಿರು ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಬರಿಮೈಯಲ್ಲಿ ಬಯಲಿನಲ್ಲಿ ನಿಂತರೂ ಅವನಿಗೆ ದಕ್ಕುವುದು 40 ಕ್ಯಾಲೊರಿಯ ಆಸುಪಾಸು. ಅಂದರೆ ಅರ್ಧ ಬಾಳೆಹಣ್ಣು! ಅವನಿಗೆ ದಿನಕ್ಕೆ ಬೇಕಾದದ್ದು 2,000 ಕ್ಯಾಲೊರಿಗೂ ಮೇಲೆ.

ಗಿಡ ಒಂದೇ ಕಡೆ ನಿಂತು, ಮೈಯೆಲ್ಲ ಎಲೆಯಾಗಿ ಹರಡಿ, ನಿಧಾನವಾಗಿ ಬದುಕುತ್ತದೆ. ಆದ್ದರಿಂದ ಅದಕ್ಕೆ ಬಿಸಿಲು ಸಾಕಾಗುತ್ತದೆ. ಓಡಾಡುವ ಜೀವಿಗೆ ಅದು ಸಾಲದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಒಂದು ಕಡಲ ಗೊಂಡೆಹುಳವಿದೆ. ಅದು ತಾನು ತಿಂದ ಪಾಚಿಯ ಹಸಿರು ಕಣಗಳನ್ನು ಜೀರ್ಣಿಸದೆ ಮೈಯಲ್ಲೇ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಎಲೆಯ ಹಾಗೇ ಚಪ್ಪಟೆಯಾಗಿ, ಹಸಿರಾಗಿ ಕಾಣುತ್ತದೆ. ಆದರೆ ಅದೂ ಗೊಂಡೆಹುಳ. ಅದಕ್ಕೆ ಅವಸರದ ಕೆಲಸವಿಲ್ಲ.

ಆದಕಾರಣ ಮನುಷ್ಯನೂ ಗಿಡವೂ ಒಂದೇ ಮೈಯಾಗುವುದು ಲಾಭದ ಬಾಬತ್ತಲ್ಲ. ಇಬ್ಬರೂ ಬೇರೆ ಬೇರೆಯಾಗಿದ್ದು, ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಿಕೊಡುವುದೇ ಲಾಭ. ವಿಜ್ಞಾನಿಗಳು ಇದಕ್ಕೆ ಸಹಜೀವನ ಎನ್ನುತ್ತಾರೆ.

ಮಣ್ಣಿನೊಳಗಿನ ಸಹಕಾರ ಸಂಘ

ಸಹಕಾರ ಸಂಘದ ಸದಸ್ಯರಾದ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ಹುರುಳಿ, ಅಲಸಂದೆ, ಸೆಣಬು ಮುಂತಾದ ದ್ವಿದಳ ಗಿಡಗಳ ಬೇರು ಕಿತ್ತು ನೋಡಿದರೆ ಸಣ್ಣ ಗಂಟುಗಳು ಕಾಣುತ್ತವೆ. ಆ ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಕಾಫಿ, ಅಡಿಕೆ, ಬಾಳೆ ಈ ಮೂರರ ಬೇರುಗಳಲ್ಲೂ ಒಂದು ಬಗೆಯ ಹಿತಕಾರಿ ಶಿಲೀಂಧ್ರ ಮನೆ ಮಾಡಿಕೊಂಡಿರುತ್ತದೆ. ಕೂದಲಿಗಿಂತ ತೆಳುವಾದ ತನ್ನ ಎಳೆಗಳನ್ನು ಬೇರು ತಲುಪದ ಜಾಗಕ್ಕೆ ಚಾಚಿ ಅದು ರಂಜಕವನ್ನು ತಂದು ಗಿಡಕ್ಕೆ ಒಪ್ಪಿಸುತ್ತದೆ. ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿ 1885ರಲ್ಲಿ ಈ ಕೂಟಕ್ಕೆ ‘ಮೈಕೊರೈಜಾ’, ಅಂದರೆ ‘ಶಿಲೀಂಧ್ರ ಬೇರು’ ಎಂದು ಹೆಸರಿಟ್ಟ.

ಎಲೆಗೆ ಹಸಿರು ಬಣ್ಣ ಕೊಡುವ ಕಣಗಳು ಕೂಡಾ ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕುತ್ತಿದ್ದ ಸೂಕ್ಷ್ಮಜೀವಿಗಳೇ ಆಗಿದ್ದವು, ಬೇರೊಂದು ಜೀವಕೋಶದೊಳಗೆ ಬಾಡಿಗೆಗೆ ಬಂದು ಮನೆಯವರೇ ಆಗಿಹೋದವು ಎಂದು ಲಿನ್ ಮಾರ್ಗ್ಯುಲಿಸ್ ಎಂಬಾಕೆ 1967ರಲ್ಲಿ ವಾದಿಸಿದರು. ಮೊದಲು ಬಹಳ ಮಂದಿ ಒಪ್ಪಲಿಲ್ಲ. ಈಗ ಅದು ಪಠ್ಯಪುಸ್ತಕದ ಮಾತಾಗಿದೆ.

ಕೂಡಲಸಂಗಮದಂಥ ಊರಿನಲ್ಲಿ ಹಳೆಯ ನಂಟು

ಮನುಷ್ಯನಿಗೂ ಗಿಡಕ್ಕೂ ಇಂಥ ನಂಟು ಯಾವಾಗ ಬೆಳೆಯಿತು? ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1959ರಿಂದ 1965ರ ನಡುವೆ ಮೈಸೂರಿನ ಪುರಾತತ್ವ ವಿದ್ವಾಂಸ ಡಾ. ಎಂ. ಶೇಷಾದ್ರಿಯವರು ಉತ್ಖನನ ನಡೆಸಿ, ನವಶಿಲಾಯುಗದ ಜನ ಅಲ್ಲಿ ನೆಲೆಸಿದ್ದ ಕುರುಹುಗಳನ್ನು ಹೊರತೆಗೆದರು. ಅಂದರೆ ಕಲ್ಲಿನ ಕೊಡಲಿ ಹಿಡಿದ ಕಾಲಕ್ಕೇ ಈ ಸಂಗಮದ ದಂಡೆಯಲ್ಲಿ ಜನವಸತಿ ಇತ್ತು. ಅದೇ ಯುಗದ ಬಳ್ಳಾರಿ ಸೀಮೆಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮುಂತಾದ ನೆಲೆಗಳ ಮಣ್ಣನ್ನು ಜಾಲಾಡಿ ನೋಡಿದ ವಿದ್ವಾಂಸರಿಗೆ ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಧಾನ್ಯಗಳ ಸುಟ್ಟ ಕಾಳುಗಳು ದೊರೆತಿವೆ.

ಕಾಡಿನ ಗಿಡಕ್ಕೆ ತನ್ನ ಕಾಯಿ ಒಡೆದು ಕಾಳು ನೆಲಕ್ಕೆ ಚೆಲ್ಲುವುದೇ ಧರ್ಮ. ಅದರಿಂದಲೇ ಅದರ ಸಂತಾನ. ಆದರೆ ಕೊಯ್ಯುವವನ ಕೈಗೆ ಸಿಕ್ಕುವುದು ಉದುರದೆ ಉಳಿದ ಕಾಳು. ಮರುವರ್ಷ ಅವನು ಬಿತ್ತುವುದೂ ಅದನ್ನೇ. ಹೀಗೆ ನೂರಾರು ತಲೆಮಾರು ನಡೆದ ಮೇಲೆ ತೆನೆಯಿಂದ ಕಾಳು ಉದುರುವುದೇ ನಿಂತುಹೋಯಿತು. ಬಿತ್ತುವ ಕೈ ಇಲ್ಲದಿದ್ದರೆ ಆ ಬೆಳೆಗೆ ಮುಂದಿನ ವರ್ಷವೇ ಇಲ್ಲ. ಬೆಳೆಯನ್ನು ಬಿಟ್ಟು ಆ ಜನಕ್ಕೂ ಬೇರೆ ಗತಿ ಇರಲಿಲ್ಲ. ಯಾರೂ ಕಾಗದದ ಮೇಲೆ ರುಜು ಹಾಕಲಿಲ್ಲ, ಆದರೂ ಒಡಂಬಡಿಕೆ ಆಗಿಹೋಯಿತು.

ನಮ್ಮ ಕಾಫಿಯನ್ನೇ ನೋಡಿ. ಯೆಮೆನ್ ದೇಶದಿಂದ ಬಾಬಾಬುಡನ್ ತಂದ ಏಳು ಬೀಜಗಳಿಂದ ಇಲ್ಲಿನ ಕಾಫಿ ಆರಂಭವಾಯಿತೆಂದು ಐತಿಹ್ಯ. ಗಿಡ ಕೆಫೀನನ್ನು ತಯಾರಿಸುವುದು ನಮ್ಮ ನಿದ್ದೆ ಕೆಡಿಸುವುದಕ್ಕಲ್ಲ. ಅದು ಎಲೆ ತಿನ್ನುವ ಹುಳುಗಳಿಗೆ ವಿಷ. ಆದರೆ ಅದೇ ಕೆಫೀನು ಕಾಫಿ ಹೂವಿನ ಮಕರಂದದಲ್ಲಿ ಬಹಳ ಅಲ್ಪ ಪ್ರಮಾಣದಲ್ಲಿ ಇರುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೆಫೀನು ಬೆರೆಸಿದ ಸಕ್ಕರೆ ಪಾಕ ಕುಡಿದ ಜೇನುಹುಳುಗಳ ಪೈಕಿ ಮರುದಿನವೂ ಆ ಹೂವಿನ ವಾಸನೆಯನ್ನು ನೆನಪಿಟ್ಟುಕೊಂಡವು, ಬರಿ ಪಾಕ ಕುಡಿದವುಗಳಿಗಿಂತ ಮೂರು ಪಟ್ಟು ಹೆಚ್ಚಾಗಿದ್ದವು. ಜೇನನ್ನು ಮತ್ತೆ ಮತ್ತೆ ಬರಮಾಡಿಕೊಳ್ಳುವ ಉಪಾಯವೇ ಇದು! ಬೆಳಗ್ಗೆ ಎದ್ದ ಕೂಡಲೇ ಕಾಫಿ ಎಂದು ಕೂಗುವ ನಾವು ಆ ಜೇನಿಗಿಂತ ಎಷ್ಟು ಬೇರೆ? ಕಥೆಯ ಬಿದಿರು ಹಣ್ಣಿನಲ್ಲಿ ಏನೋ ಬೆರೆಸಿತು ಎಂದು ಗಾಬರಿಯಾಗುವ ಓದುಗ, ಪುಸ್ತಕದ ಪಕ್ಕದಲ್ಲಿಟ್ಟ ಲೋಟವನ್ನು ಒಮ್ಮೆ ನೋಡಿಕೊಳ್ಳಬಹುದು.

ಎಲ್ಲ ಒಡಂಬಡಿಕೆಯೂ ಎರಡು ಕಡೆಗೂ ಹಿತವೆಂದು ಹೇಳಲಾಗದು. ಅಡಿಕೆ ನಮ್ಮ ಅನ್ನ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಹೊರತಂದ ಗ್ರಂಥದಲ್ಲಿ ಅಡಿಕೆಯನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರಿಗೆ ಇದು ಸಿಹಿಯಾದ ಮಾತಲ್ಲ. ಆದರೂ ನಮ್ಮ ಪತ್ರಿಕೆಯಲ್ಲಿ ಇದನ್ನು ಮುಚ್ಚಿಟ್ಟು ಸಹಜೀವನದ ಗುಣಗಾನ ಮಾಡಿದರೆ ಅದು ನ್ಯಾಯವಾಗದು.

ಬೀಜವಿಲ್ಲದ ಬಾಳೆ

ಈಗ ನಂಜನಗೂಡಿಗೆ ಬರೋಣ. ಆ ಊರಿನ ಹೆಸರು ಹೇಳಿದರೆ ಶ್ರೀಕಂಠೇಶ್ವರ, ಹಲ್ಲುಪುಡಿ, ರಸಬಾಳೆ ಈ ಮೂರೂ ಒಟ್ಟಿಗೆ ನೆನಪಾಗುತ್ತವೆ. ದೇವರಸನಹಳ್ಳಿ ಮತ್ತು ಸುತ್ತಿನ ಹಳ್ಳಿಗಳ ಕಪ್ಪು ಮೆಕ್ಕಲು ಮಣ್ಣಿನಲ್ಲಿ ಬೆಳೆದ ರಸಬಾಳೆಯ ಪರಿಮಳ ಬೇರೆಡೆ ಬಾರದೆಂದು ಹಿರಿಯರು ಹೇಳುತ್ತಿದ್ದರು. ಅದು ಬರಿ ಊರಭಿಮಾನವಲ್ಲವೆಂದು 2005ರಲ್ಲಿ ಸರ್ಕಾರವೂ ಒಪ್ಪಿ, ‘ನಂಜನಗೂಡು ರಸಬಾಳೆ’ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮೈಸೂರು ವೀಳ್ಯದೆಲೆಗೂ ಅದೇ ಮಾನ್ಯತೆ ಇದೆ.

ಕಾಡಿನ ಬಾಳೆಯನ್ನು ನೋಡಿದವರಿಗೆ ಗೊತ್ತು, ಅದರ ಹಣ್ಣಿನಲ್ಲಿ ತಿರುಳಿಗಿಂತ ಬೀಜವೇ ಹೆಚ್ಚು, ಕಡಿದರೆ ಹಲ್ಲು ಮುರಿಯಬೇಕು. ಎರಡು ಕಾಡು ಜಾತಿಗಳ ಬೆರಕೆಯಿಂದ ಬಂದ ರಸಬಾಳೆಯಲ್ಲಿ ವರ್ಣತಂತುಗಳು ಎರಡು ಜೊತೆಯ ಬದಲು ಮೂರು ಜೊತೆ ಸೇರಿಕೊಂಡಿವೆ. ಆದ್ದರಿಂದ ಅದರಲ್ಲಿ ಬೀಜ ಕಟ್ಟುವುದಿಲ್ಲ. ಹಣ್ಣಿನ ನಡುವೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಗುರುತು, ಅಷ್ಟೆ. ಗಾಳಿ, ಹಕ್ಕಿ, ಬಾವಲಿ ಯಾವುದೂ ಅದರ ವಂಶವನ್ನು ಇನ್ನೊಂದು ಊರಿಗೆ ಒಯ್ಯಲಾರವು. ಒಯ್ಯಬೇಕಾದವನು ಮನುಷ್ಯ. ಕಂದು ಕಿತ್ತು, ಗೋಣಿಯಲ್ಲಿ ಸುತ್ತಿ, ಗಾಡಿಯಲ್ಲಿ ಹೇರಿಕೊಂಡು ಹೋಗಿ ನೆಟ್ಟರೆ ಮಾತ್ರ ಅದು ಮುಂದಿನ ಊರು ಕಾಣುತ್ತದೆ. ರಸಬಾಳೆಗೆ ನಾವೇ ಬೀಜ, ನಾವೇ ಕಾಲು.

ಅದು ನಮಗೆ ಕೊಟ್ಟದ್ದೂ ಸಣ್ಣದಲ್ಲ. ಹಣ್ಣು, ದಿಂಡು, ಹೂವು, ಊಟಕ್ಕೆ ಎಲೆ, ಕಟ್ಟಲು ನಾರು, ಮದುವೆ ಚಪ್ಪರಕ್ಕೆ ಕಂಬ, ಎಳೆಯ ಅಡಿಕೆ ಸಸಿಗೆ ನೆರಳು. ವಿಜ್ಞಾನ ಕಥೆಯ ಬಿದಿರು ಇದಕ್ಕಿಂತ ಹೆಚ್ಚಿಗೆ ಏನು ಕೊಟ್ಟೀತು?

ಆದರೆ ಈ ಏರ್ಪಾಡಿನಲ್ಲಿ ಒಂದು ಅಪಾಯ ಅಡಗಿದೆ. ಕಂದಿನಿಂದ ಕಂದಿಗೆ ಬೆಳೆದ ಬಾಳೆಗಳೆಲ್ಲ ಒಂದೇ ತಾಯಿಯ ಪಡಿಯಚ್ಚುಗಳು. ಒಂದು ಬಾಳೆಯನ್ನು ಕೆಡವಬಲ್ಲ ರೋಗ ಎಲ್ಲ ಬಾಳೆಯನ್ನೂ ಕೆಡವಬಲ್ಲದು. ಪನಾಮಾ ಸೊರಗು ರೋಗ ಮಾಡಿದ್ದು ಅದನ್ನೇ. ಫ್ಯುಸೇರಿಯಮ್ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ಲಂಗದಂತೆ ದಿಂಡಿನ ಸುತ್ತ ಜೋಲುತ್ತವೆ. ದಿಂಡಿನ ಬುಡ ಸೀಳುತ್ತದೆ. ಗೆಡ್ಡೆ ಕತ್ತರಿಸಿದರೆ ಕೆಂಗಂದು ಗೆರೆಗಳು. ಗಿಡ ಸತ್ತ ಮೇಲೂ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಕಾದಿರುತ್ತದೆ.

ಇದೇ ರೋಗ ಮಧ್ಯ ಅಮೆರಿಕದಲ್ಲಿ ‘ಗ್ರೋ ಮಿಶೆಲ್’ ಎಂಬ ತಳಿಯ ಸಾವಿರಾರು ಎಕರೆ ತೋಟಗಳನ್ನು ಹಾಳುಮಾಡಿ, 1960ರ ದಶಕದ ಹೊತ್ತಿಗೆ ಆ ತಳಿಯನ್ನು ಜಗತ್ತಿನ ವ್ಯಾಪಾರದಿಂದಲೇ ಹೊರಹಾಕಿತು. ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಶ್, ಅಂದರೆ ನಮ್ಮ ಪಚ್ಚಬಾಳೆಯ ಬಳಗ. ಈಗ ರೋಗದ ಹೊಸ ರೂಪವೊಂದು ಕ್ಯಾವೆಂಡಿಶನ್ನೂ ಹಿಡಿದಿದೆ. 2019ರಲ್ಲಿ ಅದು ದಕ್ಷಿಣ ಅಮೆರಿಕದ ಕೊಲಂಬಿಯಾವನ್ನು ತಲುಪಿದ್ದು ಖಚಿತವಾಯಿತು. ನಮ್ಮ ರಸಬಾಳೆಯಾದರೋ ಹಳೆಯ ರೂಪಕ್ಕೇ ಸೋತಿತು. ಒಂದು ಕಾಲಕ್ಕೆ ತೋಟದ ತುಂಬ ಅದನ್ನೇ ನೆಟ್ಟಿದ್ದ ನಂಜನಗೂಡಿನ ಹಳ್ಳಿಗಳಲ್ಲಿ ಈಗ ಅದನ್ನು ಹುಡುಕಿ ನೋಡಬೇಕು. ಹೆಚ್ಚಿನವರು ಏಲಕ್ಕಿ ಬಾಳೆಗೋ ಬೇರೆ ಬೆಳೆಗೋ ಹೋಗಿದ್ದಾರೆ.

ನಮ್ಮ ಕೈಯಿಂದಲೇ ಆದ ತಪ್ಪು

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ನಮ್ಮ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, ತಂದೆಯವರ ಕಾಲದ ರಸಬಾಳೆಯ ಒಂದು ಬುಡವಿತ್ತು. ತಂಗಿಯನ್ನು ಕೊಟ್ಟಿರುವುದು ನರಸೀಪುರದ ಕಡೆಗೆ. ಅವಳು ಒಮ್ಮೆ ಗೌರಿ ಹಬ್ಬಕ್ಕೆ ಬಂದಾಗ, ತವರಿನ ನೆನಪಿಗೆ ಇರಲೆಂದು ನಾಲ್ಕು ಕಂದು ಕಿತ್ತು ಕೊಟ್ಟೆವು. ಆ ವೇಳೆಗೆ ತಾಯಿಗಿಡದ ಕೆಳಗಿನ ಎರಡು ಎಲೆ ಹಳದಿಯಾಗಿದ್ದವು. ನೀರು ಕಡಿಮೆಯಾಗಿರಬೇಕೆಂದು ಎಣಿಸಿದೆವು.

ಮುಂದಿನ ವರ್ಷ ನಮ್ಮ ಬುಡ ಪೂರ್ತಿ ಒಣಗಿತು. ಸ್ವಲ್ಪ ದಿನಕ್ಕೆ ತಂಗಿಯ ಊರಿನಿಂದಲೂ ಸುದ್ದಿ ಬಂತು. ಅವರ ಹಿತ್ತಲಿನಲ್ಲಿ ನಾವು ಕೊಟ್ಟ ನಾಲ್ಕೂ ಹೋದವು, ಜೊತೆಗೆ ಅವರ ಅತ್ತೆ ಮೊದಲಿನಿಂದ ಸಾಕಿಕೊಂಡು ಬಂದಿದ್ದ ರಸಬಾಳೆಯೂ ಹೋಯಿತು.

“ಅಣ್ಣಯ್ಯ, ನಮ್ಮತ್ತೆ ಏನೂ ಅನ್ನಲಿಲ್ಲ. ಬರಿ ಆ ಕಡೆ ನೋಡ್ಕೊಂಡು ಕೂತಿದ್ರು” ಎಂದಳು ತಂಗಿ.

ಅಂದು ಬಯ್ದಿದ್ದರೆ ಚೆನ್ನಾಗಿತ್ತು ಎಂದು ನಮಗೆ ಅನ್ನಿಸಿತು. ಪ್ರೀತಿಯಿಂದ ಕೊಟ್ಟ ಕಂದಿನ ಜೊತೆಯಲ್ಲೇ, ಅದಕ್ಕಂಟಿದ ಹಿಡಿ ಮಣ್ಣಿನಲ್ಲಿ, ರೋಗವನ್ನೂ ಕಟ್ಟಿ ಕಳುಹಿಸಿದ್ದೆವು. ಗಿಡದ ಕಾಲು ನಾವೇ ಎಂದು ಮೇಲೆ ಬರೆದೆವಲ್ಲ, ಅದರ ಶತ್ರುವಿನ ಕಾಲೂ ನಾವೇ ಆದೆವು. ನಂಜನಗೂಡಿನಲ್ಲಿ ರೋಗ ಊರಿಂದ ಊರಿಗೆ ಹರಡಿದ ಕಥೆಯಲ್ಲಿ ಇಂಥ ಎಷ್ಟು ಗೌರಿ ಬಾಗಿನಗಳಿದ್ದವೋ ಯಾರು ಬಲ್ಲರು!

ಉಳಿಸಿಕೊಂಡ ಉದಾಹರಣೆಗಳೂ ಇವೆ

ಎದೆಗುಂದಬೇಕಾಗಿಲ್ಲ. ನಮ್ಮ ಕಾಫಿ ಅಡಿಕೆಗಳೂ ಇಂಥ ಕಾಲವನ್ನು ದಾಟಿಯೇ ಬಂದಿವೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕುರೋಗ ಅಲ್ಲಿನ ಕಾಫಿಯನ್ನೇ ಮುಗಿಸಿತು. ಅವರು ಚಹಾಕ್ಕೆ ತಿರುಗಿದರು. ನಮ್ಮಲ್ಲಿ ರೋಗ ಬಂದರೂ ಕಾಫಿ ಉಳಿಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ಆರಂಭವಾಗಿ, ತಳಿಗೆ ತಳಿ ಕೂಡಿಸಿ, 1940ರ ದಶಕದಲ್ಲಿ ಎಸ್. 795 ಎಂಬ ಅರೇಬಿಕಾ ಬೆಳೆಗಾರರ ಕೈ ಸೇರಿತು. ಕಾಫಿಗೆ ಬೀಜವಿದ್ದುದರಿಂದ ಹೊಸ ತಳಿ ಸುಲಭವಾಗಿ ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ಅಡಿಕೆಯ ಕೊಳೆರೋಗದ್ದು ಇನ್ನೊಂದು ದಾರಿ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಮಲೆನಾಡಿನ ಮಳೆಯಲ್ಲಿ ತೋಟ ತೋಟ ತಿರುಗಿ, ರೋಗದ ಮೂಲವನ್ನು ಪತ್ತೆಮಾಡಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1885ರ ಸುಮಾರಿಗೆ ರೂಢಿಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಯುವ ಪದ್ಧತಿ ಅವರಿಂದ ನಮ್ಮಲ್ಲಿ ಬೇರೂರಿತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಈ ಲೆಕ್ಕ ಇಂದು ಅಡಿಕೆ ಬೆಳೆಯುವ ಮನೆಯ ಮಕ್ಕಳಿಗೂ ಬಾಯಿಪಾಠ. ಅಡಿಕೆ ಮರಕ್ಕೆ ಕೊಳೆರೋಗವನ್ನು ತಡೆಯುವ ಶಕ್ತಿ ತನ್ನೊಳಗಿಲ್ಲ. ಮಳೆಗಾಲಕ್ಕೆ ಮುಂಚೆ ಮರವೇರುವ ಕೊನೆಗಾರನ ಕೈಯೇ ಅದರ ಶಕ್ತಿ. ಒಡಂಬಡಿಕೆಯಲ್ಲಿ ನಮ್ಮ ಪಾಲಿನ ಕೆಲಸವೆಂದರೆ ಇದೇ.

ರಸಬಾಳೆಯ ವಿಷಯದಲ್ಲೂ ಮಾಡಬಹುದಾದದ್ದು ಸಾಕಷ್ಟಿದೆ. ಮಣ್ಣಿನ ಈ ಶಿಲೀಂಧ್ರವನ್ನು ಪೂರ್ತಿ ಕೊಲ್ಲುವ ಔಷಧಿ ಇಲ್ಲ. ಆದ್ದರಿಂದ ಎಚ್ಚರಿಕೆಯೇ ಮುಖ್ಯ.

ಮೊದಲನೆಯದಾಗಿ, ಒಂದು ಗಿಡ ಸೊರಗಿದ ತೋಟದಿಂದ ಆರೋಗ್ಯವಾಗಿ ಕಾಣುವ ಕಂದನ್ನೂ ತರಬಾರದು, ಕೊಡಲೂಬಾರದು. ನಂಟರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.

ಎರಡನೆಯದಾಗಿ, ಅಂಗಾಂಶ ಕೃಷಿಯ ಸಸಿಗಳನ್ನು ನಂಬಿಕೆಯ ಮೂಲದಿಂದ ತಂದು ನೆಡುವುದು ಒಳ್ಳೆಯದು. ಅವು ರೋಗವಿಲ್ಲದೆ ಬರುತ್ತವೆ. ಆದರೆ ಅವುಗಳಿಗೆ ರೋಗ ತಾಗುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ರೋಗದ ಮಣ್ಣಿಗೆ ಬಿದ್ದರೆ ಅವೂ ಸೊರಗುತ್ತವೆ.

ಮೂರನೆಯದಾಗಿ, ಬಾಳೆ ಸೊರಗಿದ ಜಾಗದಲ್ಲಿ ಮತ್ತೆ ರಸಬಾಳೆ ಹಾಕಬಾರದು. ನೀರಿನ ಅನುಕೂಲವಿರುವ ಗದ್ದೆಬಯಲಿನಲ್ಲಿ ಕೆಲವು ಬೆಳೆ ಭತ್ತ ಹಾಕಿ ನೀರು ನಿಲ್ಲಿಸಿದರೆ ಶಿಲೀಂಧ್ರದ ಬಲ ತಗ್ಗುತ್ತದೆ.

ನಾಲ್ಕನೆಯದಾಗಿ, ರೋಗದ ಗಿಡವನ್ನು ಎಳೆದಾಡದೆ ಅಲ್ಲಿಯೇ ಕಿತ್ತು ಸುಡಬೇಕು. ಗುದ್ದಲಿ, ಮಚ್ಚು, ಕಾಲಿನ ಮಣ್ಣು ತೊಳೆಯದೆ ಇನ್ನೊಂದು ತಾಕಿಗೆ ಹೋಗಬಾರದು. ರೋಗದ ತಾಕಿನ ನೀರು ಕೆಳಗಿನ ತಾಕಿಗೆ ಹರಿಯದಂತೆ ನೋಡಿಕೊಳ್ಳಬೇಕು.

ಐದನೆಯದಾಗಿ, ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಎಂಬ ಹಿತಕಾರಿ ಶಿಲೀಂಧ್ರವನ್ನು ಬೆಳೆಸಿ ನಾಟಿಯ ಗುಂಡಿಗೆ ಹಾಕುವುದರಿಂದ ಸ್ವಲ್ಪಮಟ್ಟಿಗೆ ರಕ್ಷಣೆ ದೊರೆಯುತ್ತದೆ. ಮಣ್ಣಿನೊಳಗಿನ ಸಹಕಾರ ಸಂಘಕ್ಕೆ ಒಳ್ಳೆಯ ಸದಸ್ಯರನ್ನು ಸೇರಿಸಿದಂತೆ ಇದು.

ಕೊನೆಯದಾಗಿ, ಎಲ್ಲವನ್ನೂ ಒಂದೇ ತಳಿಗೆ, ಒಂದೇ ಬೆಳೆಗೆ ಕಟ್ಟಿಹಾಕುವುದು ಬೇಡ. ಧಾರಣೆ ನೋಡಿ ಗದ್ದೆಬಯಲಿಗೂ ಅಡಿಕೆ ಹಾಕಬೇಕೆನ್ನುವ ಮನಸ್ಸು ಬಂದಾಗ ಗ್ರೋ ಮಿಶೆಲ್ ತೋಟಗಳ ಗತಿಯನ್ನು ನೆನೆಯಬೇಕು. ಅಡಿಕೆಯ ನಡುವೆ ಬಾಳೆ, ಮರಕ್ಕೆ ಮೆಣಸಿನ ಬಳ್ಳಿ ಅಥವಾ ವೀಳ್ಯದೆಲೆ, ಕೆಳಗೆ ಕಾಫಿ ಅಥವಾ ಏಲಕ್ಕಿ ಎಂದು ಹಿರಿಯರು ಮಾಡಿದ ಏರ್ಪಾಡು ಬರಿ ವರಮಾನದ ಲೆಕ್ಕದ್ದಾಗಿರಲಿಲ್ಲ. ಒಂದು ಸೋತಾಗ ಇನ್ನೊಂದು ಕೈಹಿಡಿಯಲೆಂಬ ದೂರಾಲೋಚನೆ ಅದರಲ್ಲಿತ್ತು.

ಜಗತ್ತಿನ ಬಾಳೆ ತಳಿಗಳನ್ನು ಬೆಲ್ಜಿಯಮ್ ದೇಶದ ಲ್ಯೂವೆನ್ ನಗರದಲ್ಲಿ ಗಾಜಿನ ನಳಿಕೆಗಳಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ದೇಶದಲ್ಲಿ ತಿರುಚಿನಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವೂ ತಳಿಗಳನ್ನು ಕಾಪಾಡುತ್ತಿದೆ. ಅದು ಬೇಕಾದ ಕೆಲಸವೇ ಸರಿ. ಆದರೆ ನಳಿಕೆಯಲ್ಲಿರುವ ರಸಬಾಳೆಗೆ ಕಪಿಲೆಯ ಮಣ್ಣಿಲ್ಲ, ನಂಟರ ಮನೆಯಿಲ್ಲ. ಗಿಡ ಉಳಿದರೂ ಒಡಂಬಡಿಕೆ ಉಳಿಯಬೇಕಾದರೆ ಅದು ಹಿತ್ತಲಿನಲ್ಲಿ, ತೋಟದಲ್ಲಿ ಇರಬೇಕು.

ನರಸೀಪುರದ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಸ್ಥಳಪುರಾಣ ಹೇಳುತ್ತದೆ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಆ ಕಾಳಿನ ತೂಕ ಗ್ರಾಮಿನ ಎಂಟನೇ ಒಂದು ಭಾಗದಷ್ಟು. ನಮ್ಮ ಹಿರಿಯರು ಕಾಶಿಯ ಎದುರಿಗೂ ಒಂದು ಕಾಳನ್ನು ಇಟ್ಟು ತೂಗಿದ್ದರು ಎಂಬುದನ್ನು ನಾವು ಮರೆಯಬಾರದು.

ನಮ್ಮ ಹಿತ್ತಲಿನ ಆ ಹಳೆಯ ಬುಡದ ಜಾಗವನ್ನು ನಾವು ಹಾಗೆಯೇ ಬಿಟ್ಟಿದ್ದೇವೆ. ಅಂಗಳದ ಇನ್ನೊಂದು ಮೂಲೆಯಲ್ಲಿ, ಹೊಸ ಮಣ್ಣಿನಲ್ಲಿ, ಅಂಗಾಂಶ ಕೃಷಿಯ ಎರಡು ರಸಬಾಳೆ ಸಸಿ ನೆಟ್ಟು ಒಂದು ವರ್ಷವಾಯಿತು. ಇಂದಿನವರೆಗೆ ಎಲೆ ಹಸಿರಾಗಿದೆ. ಗೊನೆ ಬಂದರೆ ಮೊದಲ ಚಿಪ್ಪು ತಂಗಿಯ ಅತ್ತೆಯವರಿಗೆ ಎಂದು ಹೇಳಿಟ್ಟಿದ್ದೇವೆ. ಕಂದನ್ನು ಮಾತ್ರ, ಅವರೇ ಕೇಳಿದರೂ, ಇನ್ನೆರಡು ಬೆಳೆ ನೋಡಿದ ಮೇಲೆಯೇ ಕೊಡುವುದು.